ಮೂಲೆ ಕಚ್ಚಿದ ಪುಸ್ತಕ

ಇವತ್ತು ಬೆಳಗಿನ ಜಾವ ಮೂರೂವರೆಗೆ ಹಾಳೆ ಮಗುಚುವ ಸದ್ದಿಗೆ ನನಗೆ ಎಚ್ಚರವಾಯಿತು, ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ನನ್ನಂತೆಯೇ ಕಣ್ಣು ಕೆಂಪಾಗಿರುವ ತಾಯಂದಿರೇ, ಸಭಿಕರೇ. ಪುಸ್ತಕವಿರಲಿಲ್ಲ. ಎರಡೂವರೆ ವರ್ಷದ ನನ್ನ ಮಗಳು ದಿಂಬಿನ ಕವರನ್ನು ಮಗುಚುತ್ತ, ಸದ್ದನ್ನು ಬಾಯಲ್ಲಿ ಮಾಡುತ್ತಿದ್ದಳು.

'ಅಕ್ಷರಕ್ಕೆ ಮೊದಲೇ ಪುಸ್ತಕಪ್ರೀತಿ' ಎಂಬ ವಿಷಯದ ಮೇಲೆ ಮಾತಾಡಲು ಗ್ರಂಥಾಲಯ ಸಮಿತಿಯವರು ನನ್ನನ್ನು ಕರೆದಿದ್ದಾರೆ. 'ಮಾದರಿ ತಾಯಿ' ಎಂದು ಪ್ರಶಸ್ತಿಪತ್ರವನ್ನೂ ಕೊಟ್ಟಿದ್ದಾರೆ. ಗಾಜು ಹಾಕಿಸಿದ್ದಾರೆ, ಮಗು ಕಚ್ಚದಂತೆ.

ಪುಸ್ತಕಪ್ರೀತಿ ಎಲ್ಲಿಂದ ಶುರುವಾಗುತ್ತದೆ? ನಮ್ಮ ಮನೆಯಲ್ಲಿ ಹಲ್ಲಿನಿಂದ. ಈ ಗ್ರಂಥಾಲಯದ ಬಾತುಕೋಳಿಯ ಪುಸ್ತಕವನ್ನು ಅವಳು ಮೊದಲು ಮೂಲೆ ಕಚ್ಚಿ ನೋಡಿದಳು, ಆಮೇಲೆ ಕಥೆ ಕೇಳಿದಳು. ಏಳನೇ ಪುಟ ಹರಿಯಿತು; ಬ್ಯಾಂಡೇಜ್ ಪಟ್ಟಿ ಅಂಟಿಸಿದೆ. ಆ ಪುಟ ಬಂದಾಗಲೆಲ್ಲ ಗಾಯಕ್ಕೆಂಬಂತೆ ಉಫ್ ಎಂದು ಊದುತ್ತಿದ್ದಳು. ನಮ್ಮತ್ತೆ ಹೇಳುತ್ತಿದ್ದರು: "ಅಕ್ಷರ ಬರದ ಕೂಸಿಗೆ ಪುಸ್ತಕ ಯಾಕಮ್ಮಾ, ಒಂಚೂರು ಉಪ್ಪು ಹಾಕಿ ಕೊಡು, ತಿನ್ಲಿ."

ದಿನಕ್ಕೆ ಇಪ್ಪತ್ತು ಸಲ ಓದಿದೆ. "ಅಮ್ಮ, ಇನ್ನೊಂದ್ಸಲ." ಒಂದು ಪುಟ ಹಾರಿಸಿದರೂ ಹಿಡಿದುಬಿಡುತ್ತಿದ್ದಳು. ಆಗ ಮಾದರಿ ತಾಯಿ ಏನು ಮಾಡಿದಳು, ಸಭಿಕರೇ? ಕಳೆದ ಸೋಮವಾರ ಮಗು ಮಲಗಿದ್ದಾಗ ಪುಸ್ತಕವನ್ನು ಹಿಂತಿರುಗಿಸಿ ಬಂದಳು. ವಾಯಿದೆ ಇನ್ನೂ ಒಂಬತ್ತು ದಿನವಿತ್ತು. ನನಗೆ ಒಂದು ರಾತ್ರಿ ನಿದ್ದೆ ಬೇಕಿತ್ತು, ಅಷ್ಟೇ. ವಾಪಸಾತಿ ರಿಜಿಸ್ಟರಿನ 'ಹಾಳಾಗಿದೆಯೇ' ಎಂಬ ಕಾಲಮ್ಮಿನಲ್ಲಿ 'ಹೌದು' ಎಂದು ಬರೆದವಳೂ ನಾನೇ. ಕಾಲೇಜು ಓದಿದವಳಲ್ಲವೇ, ಸುಳ್ಳು ಬರೆಯಬಾರದಲ್ಲ.

ಬುಧವಾರ ವಾಪಸ್ ಕೇಳಲು ಬಂದರೆ ಗುಮಾಸ್ತರು, "ಹರಿದಿದ್ದೆಲ್ಲ ರದ್ದಿಗೆ ಹೋಯ್ತಲ್ಲ ಮೇಡಂ, ಸಮಿತಿ ತೀರ್ಮಾನ" ಎಂದರು. ಅದೇ ಪುಸ್ತಕದ ಹೊಸ ಪ್ರತಿ ಕೊಂಡು ತಂದೆ. ಮಗಳು ಮೂಲೆ ತಡವಿದಳು, ಏಳನೇ ಪುಟ ತಡವಿದಳು. "ಇದು ಪುಸ್ತಕ ಅಲ್ಲ" ಎಂದಳು. ಅಂದಿನಿಂದ ಯಾವ ಪುಸ್ತಕವನ್ನೂ ಮುಟ್ಟಿಲ್ಲ.

ನಿಮ್ಮ ಈ ಹೊಸ ಮಕ್ಕಳ ವಿಭಾಗದ ಕಪಾಟುಗಳು ಬಹಳ ಚೆನ್ನಾಗಿವೆ. ಕೀಲಿ ಯಾರ ಬಳಿ ಇರುತ್ತದೆ? ಮಕ್ಕಳು ಪುಸ್ತಕವನ್ನು ಪ್ರೀತಿಸಬೇಕು, ಆದರೆ ಪುಸ್ತಕಕ್ಕೆ ಅದು ಗೊತ್ತಾಗಬಾರದು, ಅಲ್ಲವೇ?

ಅಧ್ಯಕ್ಷರೇ, ಆ ಹರಿದ ಪುಸ್ತಕಗಳ ಕಟ್ಟುಗಳು ಇನ್ನೂ ರದ್ದಿ ಅಂಗಡಿಯಲ್ಲೇ ಇವೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಕಾಗದದ ಕಾರ್ಖಾನೆಗೆ ಲಾರಿ ಹೊರಡುತ್ತದೆ. ಅಂಗಡಿಯವರು ನನಗೆ ಕಟ್ಟು ಬಿಚ್ಚಲು ಬಿಡಲಿಲ್ಲ. "ಸಮಿತಿಯವರು ಒಂದು ಮಾತು ಹೇಳ್ಲಿ, ಬಿಚ್ಚಿ ಕೊಡ್ತೀನಿ ತಾಯಿ" ಎನ್ನುತ್ತಾರೆ. ಹಳದಿ ರಟ್ಟು, ಕೆಳಗಿನ ಬಲಮೂಲೆ ಇಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ, ನಮಸ್ಕಾರ. ಚಪ್ಪಾಳೆ ಬೇಡ. ಬೆಳಗಾಗುವುದರೊಳಗೆ ಆ ಅಂಗಡಿಯವರಿಗೊಂದು ಫೋನ್ ಮಾಡಿ. ದಮ್ಮಯ್ಯ, ಮಾಡಿ.