ಆಯ್ತು ಅನ್ನುವವರೆಗೆ

ಇದು ನಮ್ಮ ದೊಡ್ಡಮ್ಮನ ಮಗ ಕುಪ್ಪುಸ್ವಾಮಿಗೆ ಆದದ್ದು. ಅರವತ್ತಮೂರನೇ ಇಸವಿಯ ಏಪ್ರಿಲ್. ಬೇತಮಂಗಲದ ಟೆಂಟ್ ಸಿನಿಮಾದಲ್ಲಿ ಎರಡನೇ ಆಟ ಮುಗಿಸಿ ಅವನೂ ಅವನ ಪರಿಚಯದ ಕೋದಂಡಪ್ಪನೂ ಕೋದಂಡಪ್ಪನ ಹಳ್ಳಿಗೆ ನಡೆದು ಹೋಗುತ್ತಿದ್ದರು. ಲಾಟೀನು ಕೋದಂಡಪ್ಪನ ಕೈಯಲ್ಲಿತ್ತು. ದಾರಿ ಆಲದ ಮರದ ಹತ್ತಿರ ತಿರುಗಿ ಬಾವಿಯ ಪಕ್ಕದಲ್ಲೇ ಹೋಗುತ್ತದೆ... ಬೇರೆ ದಾರಿ ಇರಲಿಲ್ಲ.

ಎರಡು ವರ್ಷದ ಹಿಂದೆ ಆ ಬಾವಿಯ ಹತ್ತಿರ ಸಿನಿಮಾ ಕಂಪನಿಯವರು ಶೂಟಿಂಗ್ ಮಾಡಿದ್ದರು. ಕುಪ್ಪುಸ್ವಾಮಿ ಅವರ ಸ್ಟಿಲ್ ಫೋಟೊಗ್ರಾಫರ್. ಆ ಕೆಲಸಕ್ಕೊಂದು ಪದ್ಧತಿಯಿದೆ. ಶಾಟ್ ನಡೆಯುವಾಗ ಅವನು ಫೋಟೊ ತೆಗೆಯುವಂತಿಲ್ಲ, ಸದ್ದಾಗುತ್ತದೆ. ಶಾಟ್ ಮುಗಿದ ಮೇಲೆ ‘ಸ್ಟಿಲ್’ ಎಂದು ಕೂಗುತ್ತಾನೆ. ಆಗ ಯಾರು ಹೇಗಿದ್ದರೋ ಹಾಗೇ ನಿಲ್ಲಬೇಕು. ಅವನು ‘ಆಯ್ತು’ ಅನ್ನುವವರೆಗೆ ಅಲ್ಲಾಡಬಾರದು.

ಬಾವಿಗೆ ಬೀಳುವ ನಾಯಕಿಯ ಬದಲಿಗೆ ಕೋದಂಡಪ್ಪನ ಹೆಂಡತಿ ನರಸಮ್ಮನನ್ನು ಇಳಿಸಿದ್ದರು. ಕೂಲಿಯವಳು, ಗಟ್ಟಿ ಕೈ. ಒಳಗೋಡೆಯ ಕಲ್ಲಿನ ಮೇಲೆ ತುದಿಗಾಲು, ಮೇಲಿನ ಚಪ್ಪಡಿಯ ಮೇಲೆ ಬೆರಳು, ಸೊಂಟಕ್ಕೆ ಹಗ್ಗ. ಶಾಟ್ ಮುಗಿದು ಉಳಿದವರೆಲ್ಲ ಊಟಕ್ಕೆ ಹೋದರು. ಫೋಟೊದಲ್ಲಿ ಹಗ್ಗ ಕಾಣುತ್ತದೆಂದು ಕುಪ್ಪುಸ್ವಾಮಿ ಅದನ್ನು ಬಿಚ್ಚಿಸಿ ಮೇಲಕ್ಕೆ ಎಳೆದುಕೊಂಡ. ಮೋಡ ಬಂತು. ಕಾದ. ಅಲ್ಲಾಡಲಾ ಎಂದು ಅವಳು ಕೇಳಿದಳು. ಬೇಡ ಅಂದ. ಬಿಸಿಲು ಬಂದಾಗ ಒಂದು ತೆಗೆದ. ಇನ್ನೊಂದಿರಲಿ ಎಂದು ಫಿಲ್ಮ್ ಬದಲಿಸಲು ಆ ಕಡೆ ತಿರುಗಿದ. ಅವಳನ್ನು ಮರೆತ... ಉಗುರು ಕಲ್ಲನ್ನು ಕೆರೆದ ಸದ್ದು. ಆಮೇಲೆ ತಲೆ ಕಲ್ಲಿಗೆ ಬಡಿದ ಸದ್ದು. ಕೊನೆಗೆ ನೀರು.

ತಾನು ಆಯ್ತು ಅಂದಮೇಲೂ ಇನ್ನೊಂದು ತೆಗಿ ಎಂದು ಅವಳೇ ನಗುತ್ತಾ ನೇತಾಡಿದಳು ಎಂದು ಎಲ್ಲರಿಗೂ ಹೇಳಿದ. ಕೋದಂಡಪ್ಪ ನಂಬಿದ. ಫೋಟೊ ಆಸೆಗೆ ಸತ್ತವಳು ಎಂದು ಎರಡು ವರ್ಷ ಅವಳಿಗೆ ಎಡೆಯಿಡಲಿಲ್ಲ.

ಈಗ ಆ ಸಿನಿಮಾ ಟೆಂಟಿಗೆ ಬಂದಿತ್ತು. ಪರದೆಯ ಮೇಲೆ ಅವಳನ್ನು ತೋರಿಸು ಬಾ ಎಂದು ಕೋದಂಡಪ್ಪನೇ ಅವನನ್ನು ರಾಬರ್ಟ್‌ಸನ್‌ಪೇಟೆಯಿಂದ ಕರೆಸಿದ್ದ. ಕಂಡದ್ದು ಬೆರಳು ಮಾತ್ರ. ಎಂಟು ಬೆರಳು.

“ಅಷ್ಟಕ್ಕೆ ಸತ್ಳು ನೋಡು ಕುಪ್ಪಣ್ಣ, ಬಿನ್ನಾಣಗಿತ್ತಿ.”

ದಾರಿಯುದ್ದಕ್ಕೂ ಬೈದ. ಕುಪ್ಪುಸ್ವಾಮಿ ಹೂಂಗುಟ್ಟಿದ.

ಆ ಬೇಸಿಗೆ ಬಾವಿ ಒಣಗಿ ತಳದ ಕಲ್ಲು ಕಾಣುತ್ತಿತ್ತು. ಹತ್ತಿರ ಬಂದಾಗ ಕೋದಂಡಪ್ಪ ಬೀಡಿ ಹಚ್ಚಲು ನಿಂತ. ಕರ್... ಕರ್... ಕಲ್ಲಿನ ಮೇಲೆ ಉಗುರು. ಆಮೇಲೆ ಪಿಸುಮಾತು. ಅದು ಕುಪ್ಪುಸ್ವಾಮಿಗೆ ಮಾತ್ರ ಕೇಳಿತು.

“ಅಣ್ಣಾ... ಅಲ್ಲಾಡ್ಲಾ?”

ಅವನು ಬಾವಿಯ ಕಡೆ ತಿರುಗಿದ.

“ಕೈ ಸೋಲ್ತಾ ಐತಣ್ಣಾ...”

ಬಾಯಿ ತಾನಾಗಿ ತೆರೆಯಿತು. “ಆಯ್ತಮ್ಮ,” ಅಂದ. “ಆಯ್ತು.”

ಉಗುರು. ಕಲ್ಲು. ಆಮೇಲೆ, ಆ ಒಣಬಾವಿಯೊಳಗೆ... ನೀರು. ಅದು ಇಬ್ಬರಿಗೂ ಕೇಳಿತು.

ಕೋದಂಡಪ್ಪನ ಕೈಯಿಂದ ಬೀಡಿ ಬಿತ್ತು.

“ಈ ಮಾತು ಅವತ್ತಂದಿರ್ನಿಲ್ವಾ ನೀನು?”

ಕೋದಂಡಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಕುಪ್ಪುಸ್ವಾಮಿಯ ಎರಡೂ ಕೈ ಹಿಡಿದು ಬೆರಳುಗಳನ್ನು ಚಪ್ಪಡಿಯ ಮೇಲೆ ಒತ್ತಿ ಇಟ್ಟ.

“ಅಲ್ಲಾಡ್ಬೇಡ. ನಾ ಆಯ್ತು ಅನ್ನೋ ಗಂಟ.”

ಲಾಟೀನು ಎತ್ತಿಕೊಂಡು ಹೊರಟುಹೋದ.

ಬೆಳಿಗ್ಗೆ ದನ ಹೊಡೆದುಕೊಂಡು ಬಂದ ಮುನಿಶಾಮಮ್ಮ ನೋಡಿದಾಗ ಕುಪ್ಪುಸ್ವಾಮಿ ಹಾಗೇ ನಿಂತಿದ್ದ. ಕಣ್ಣು ತೆರೆದಿತ್ತು, ಉಸಿರಾಡುತ್ತಿದ್ದ. ನಾಲ್ಕು ಜನ ಎಳೆದರೂ ಬೆರಳು ಏಳಲಿಲ್ಲ. ಕೋದಂಡಪ್ಪನಿಗೆ ಹೇಳಿಕಳಿಸಿದರು. ಅವನು ಮನೆಯಲ್ಲಿ ಹೆಂಡತಿಗೆ ಎಡೆಯಿಡುತ್ತಿದ್ದ. ಸಂಜೆ ಬಂದ. ಕಟ್ಟೆಯ ಮೇಲೆ ಕೂತು ಒಂದು ಬೀಡಿ ಪೂರ್ತಿ ಸೇದಿದ. ಆಮೇಲೆ ಅಂದ, “ಆಯ್ತು.”

ಕುಪ್ಪುಸ್ವಾಮಿ ಬದುಕಿದ. ಬೆರಳು ಮತ್ತೆ ಮಡಚಲಿಲ್ಲ; ಕ್ಯಾಮೆರಾ ಮಾರಿದ.

ಇದರಲ್ಲಿ ಒಂದಕ್ಷರ ಸೇರಿಸಿದ್ದಲ್ಲ. ಅಂದು ಅವನ ಕೈ ತೆಗೆದಾಗ ಅದರಡಿಯ ಕಲ್ಲು ಒಣಗಿತ್ತು. ಗೇಣುದೂರದಲ್ಲಿ, ಇಡೀ ದಿನದ ಬಿಸಿಲು ಬಿದ್ದ ಚಪ್ಪಡಿಯ ಮೇಲೆ, ಎಂಟು ಬೆರಳಿನ ತೇವ ಇತ್ತು.