ಗೋಡೆಯೊಳಗೆ ಸೇರಿದ ಕಲ್ಲು

ದೀಪ ಸಣ್ಣ ಮಾಡಿ ಹತ್ರ ಬನ್ನಿ. ನಗೋದಿದ್ರೆ ಈಗಲೇ ನಕ್ಕುಬಿಡಿ, ನಡುವೆ ಬಾಯಿ ಹಾಕಬೇಡಿ. ಇದು ನಡೆದದ್ದು ನಮ್ಮ ದೊಡ್ಡಪ್ಪನ ಮಗನಿಗೆ, ಆ ಗಾರೆ ಮೇಸ್ತ್ರಿಗೆ.

ಅವತ್ತು ಮೇಸ್ತ್ರಿ ಬಾವಿ ದಾಟಿ ಮನೆಗೆ ಬರ್ತಿದ್ದ. ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು. ಹೆಂಡತಿಗೆ ಮುಖ ತೋರಿಸೋಕೆ ಧೈರ್ಯ ಇರಲಿಲ್ಲ. ಯಾಕೆ ಅಂತ ಹೇಳ್ತೀನಿ, ಅವಸರ ಮಾಡಬೇಡಿ.

ಬಾವಿ ಪಕ್ಕದಲ್ಲೇ ಹಳೇ ಚರ್ಚು, ಸುತ್ತ ಸಮಾಧಿಗಳು. ಮುತ್ತಜ್ಜನ ಕಾಲದ್ದು. ಕಾಂಪೌಂಡ್ ಗೋಡೆ ಕುಸಿದು ದನ ನುಗ್ತಿದ್ವು. ಹೀಗೆ ಬಿಟ್ರೆ ಎಲ್ಲಾ ಮಣ್ಣುಪಾಲು ಅಂತ ಊರವರು ಕೂತು ಮಾತಾಡಿ ಕೆಲಸ ಮೇಸ್ತ್ರಿಗೆ ಕೊಟ್ರು. ಒಂದೇ ಷರತ್ತು: ಹೊಸ ಕಲ್ಲು ತರಬಾರದು, ಹಳೇ ಗೋಡೆ ಹಳೇ ಕಲ್ಲಲ್ಲೇ ಏಳಬೇಕು. ಮೇಸ್ತ್ರಿ ಸುತ್ತಮುತ್ತ ಬಿದ್ದ ಕಲ್ಲನ್ನೆಲ್ಲ ಒಂದೂ ಬಿಡದೆ ಬಾಚಿ ತಂದ. ಸುತ್ತಿಗೆಯಲ್ಲಿ ತಟ್ಟಿ, ಠಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಬಿರುಕು ಅಂತ ಆರಿಸಿ ಕಟ್ಟಿದ. ಆಚೆಯ ನೆಲಾನೂ ಕೆರೆದು ಸಮ ಮಾಡಿದ. ಎಂಥಾ ಗೋಡೆ ಅಂತೀರಿ! ಊರೆಲ್ಲ ಬೆನ್ನು ತಟ್ಟಿತು.

ಮುಗಿದ ದಿನ ಸಂಜೆ ಅವನ ಹೆಂಡತಿ ಹೂವು ಹಿಡ್ಕೊಂಡು ಬಂದಳು. ಗೋಡೆಯಾಚೆ ನಿಂತು ಕೇಳಿದಳು, "ರೀ... ನಮ್ಮ ಮಗು ಕಲ್ಲೆಲ್ಲಿ?"

ಮೇಸ್ತ್ರಿ ಕೈಯಿಂದ ಗಾರೆ ಮೆತ್ತೋ ಕರಣೆ ಬಿತ್ತು.

ಹನ್ನೊಂದು ವರ್ಷದ ಹಿಂದೆ ಹುಟ್ಟಿದ ಹೆಣ್ಣುಕೂಸು. ಅರ್ಧ ದಿನ ಬದುಕಿತ್ತು. ಪಾದ್ರಿಗಳಿಂದ ಜ್ಞಾನಸ್ನಾನ ಆಗದ ಮಕ್ಕಳಿಗೆ ಆಗ ಚರ್ಚಿನ ಗೋಡೆಯೊಳಗೆ ಜಾಗ ಇರಲಿಲ್ಲ, ಗೋಡೆಯಾಚೆ ಹೂಳ್ತಿದ್ರು. ಗುರುತಿಗೆ ಇವನೇ ಒಂದು ಗೇಣುದ್ದದ ಕಲ್ಲಿಟ್ಟಿದ್ದ. ಆಮೇಲೆ ಆ ಜಾಗಕ್ಕೆ ತಲೆ ಹಾಕಲಿಲ್ಲ. ನನ್ನಿಂದ ನೋಡೋಕಾಗಲ್ಲ ಅಂತಿದ್ದ. ಹೆಂಡತಿ ತಿಂಗಳು ತಿಂಗಳು ಹೋಗ್ತಿದ್ದಳು, ಒಬ್ಬಳೇ. ಈಗ ಆ ಕಲ್ಲು ಇವನ ಕೈಯಿಂದಲೇ ಗೋಡೆಯೊಳಗೆ ಎಲ್ಲೋ ಸೇರಿಹೋಗಿತ್ತು.

ಅವಳು ಕೂಗಾಡಲಿಲ್ಲ. "ಒಂದು ಸಲನಾದ್ರೂ ನನ್ನ ಜೊತೆ ಬಂದಿದ್ರೆ ನಿಮಗೆ ಗುರುತು ಸಿಗ್ತಿತ್ತು. ಈಗ ನಾನು ಎಲ್ಲಿ ಕೂತ್ಕೊಳ್ಳಲಿ?" ಅಂದು ಹೋದಳು. ಆಮೇಲೆ ಊಟ ಇಲ್ಲ, ಮಾತಿಲ್ಲ. ಮೂರು ದಿನ ಇವನು ಗೋಡೆಯ ಒಂದೊಂದು ಕಲ್ಲನ್ನೂ ಮುಟ್ಟಿ ಮುಟ್ಟಿ ಹುಡುಕಿದ. ಸಿಗಲಿಲ್ಲ. ಮೂರನೇ ದಿನ ಕತ್ತಲಲ್ಲಿ ಬಾವಿ ದಾಟಿ ಬರ್ತಿದ್ದದ್ದು ಹಾಗೆ.

ಆಗ ಕೇಳಿಸ್ತು... ಅಳು ಅಲ್ಲ. ಅತ್ತು ಅತ್ತು ಸುಸ್ತಾದ ಕೂಸು ಬಿಕ್ಕುತ್ತಲ್ಲ, ಅದು. ಹ್ಕ್... ಹ್ಕ್... ಜೊತೆಗೆ ಅಂಗೈಯಲ್ಲಿ ನೆಲ ತಟ್ಟೋ ಸದ್ದು. ಟಪ್... ಟಪ್...

ಗೋಡೆಯಾಚೆ ಒಬ್ಬಳು ಮುದುಕಿ, ಕಾಲು ಚಾಚಿ, ಇವನಿಗೆ ಬೆನ್ನು ಹಾಕಿ ಕೂತಿದ್ದಳು.

"ಯಾರಜ್ಜಿ ನೀವು?"

"ಶ್... ಮೆಲ್ಲಗೆ. ಉಳಿದವೆಲ್ಲ ಮಲಗಿವೆ. ಇದೊಂದೇ ಮಲಗ್ತಿಲ್ಲ."

ಇವನು ಗೋಡೆ ಮೇಲಿಂದ ಬಗ್ಗಿ ನೋಡಿದ, ಮುದುಕಿ ನೆಲ ತಟ್ತಿದ್ದಳು.

"ಹೆಸರು ಹೇಳು ಮಗಾ. ಹೆಸರು ಹಿಡಿದು ಕರೆದ್ರೆ ಮಲಗುತ್ತೆ."

"ಹೆಸರು... ಇಟ್ಟಿಲ್ಲ ಅಜ್ಜಿ."

"ನೀನು ಇಟ್ಟಿಲ್ಲ. ಹೆತ್ತವಳು ಇಟ್ಟಿದ್ದಾಳೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ವಾ?"

ಟಪ್... ಟಪ್...

ಮೇಸ್ತ್ರಿ ಎದ್ದೆನೋ ಬಿದ್ದೆನೋ ಅಂತ ಓಡಿದ. ಮನೆ ಹೊಸಿಲಲ್ಲೇ ಕುಸಿದು, "ನಮ್ಮ ಮಗೂಗೆ ಏನಂತ ಹೆಸರಿಟ್ಟಿದ್ದೀಯೆ?" ಅಂತ ಗೊಳೋ ಅಂತ ಅತ್ತ. ಅವಳು ಅವನ ಪಕ್ಕ ಕೂತಳು. ಆಮೇಲೆ ಕಿವಿಯಲ್ಲಿ ಹೇಳಿದಳು. ಆ ಹೆಸರು ನನಗೂ ಗೊತ್ತಿಲ್ಲ, ಕೇಳಬೇಡಿ.

ಇಬ್ಬರೂ ಟಾರ್ಚ್ ಹಿಡ್ಕೊಂಡು ಬಂದಾಗ ಮುದುಕಿ ಇರಲಿಲ್ಲ. ಬಿಕ್ಕೋ ಸದ್ದು ಮಾತ್ರ ಕೇಳ್ತಿತ್ತು, ನೆಲದೊಳಗಿಂದ... ಹ್ಕ್... ಹ್ಕ್... ಸದ್ದು ಬಂದ ಕಡೆ ಇವನು ಮಂಡಿಯೂರಿ ಅಂಗೈ ಇಟ್ಟ. ಹೆಸರು ಹಿಡಿದು ಕರೆದ, ಜೀವಮಾನದಲ್ಲಿ ಮೊದಲನೇ ಸಲ. "ಅಪ್ಪ ಬಂದಿದ್ದೀನಿ ಕಂದಾ... ಮಲಕ್ಕೋ." ಹೆಂಡತಿ ಅಲ್ಲೇ ನೆಲಕ್ಕೆ ಎದೆಯಾನಿಸಿ ಮಲಗಿಬಿಟ್ಟಳು.

ಸದ್ದು ನಿಂತಿತು. ಬೆಳಗಾಗೋ ತನಕ ಇಬ್ಬರೂ ಏಳಲಿಲ್ಲ.

ಬೆಳಗ್ಗೆ ಅವಳ ಬಟ್ಟೆ ಬಿಚ್ಚಿಸಿ ಒಗೆಯೋಕೆ ತಗೊಂಡವಳು ನಮ್ಮಮ್ಮ. ಎದೆ ಭಾಗ ಪೂರ್ತಿ ಒದ್ದೆ. ಇಬ್ಬನಿ ಇರಬೇಕು ಅಂತೀರಾ? ಐದು ಹೆತ್ತವಳಿಗೆ ಇಬ್ಬನಿ ಯಾವುದು ಅಂತ ಗೊತ್ತಾಗಲ್ವಾ? ನಂಬದಿದ್ರೆ ಬಿಡಿ, ನಡೆದದ್ದು ನಡೆದದ್ದೇ. ಅವತ್ತು ಆ ಬಟ್ಟೆಯಲ್ಲಿ ಇದ್ದದ್ದು ಹಾಲು.