ಮುಸುಕು ತೆಗೆದ ಅಭ್ಯರ್ಥಿ

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಬೋಟಿಗೆ ಕಾಯುವ ಸಾಲಿನಲ್ಲಿ ಕನ್ನಡ ಕೇಳಿಸಿದ್ದೇ ತಡ, ಬ್ಯಾಂಕ್ ಕೆಲಸಕ್ಕೆಂದು ಕನ್ನಡದೂರಿಂದ ಬಂದಿದ್ದ ನಿಶಾಳ ಕಿವಿ ನೆಟ್ಟಗಾಯಿತು. ಮುಂದೆ ನಿಂತಿದ್ದವರು ವಯಸ್ಸಾದ ಗಂಡ ಹೆಂಡತಿ.

“ಮೂವತ್ತು ವರ್ಷ ಮುಸುಕು ಹಾಕಿ ಕಳ್ಳರನ್ನು ಹಿಡಿದೆ, ಕಾಮಿಕ್ಸಿನಲ್ಲೂ ಬಂದೆ. ಈಗ ಚುನಾವಣೆಗೆ ನಿಂತ್ರೆ, ನೀವು ಯಾರು ಅಂತ ಕೇಳ್ತಾರೆ ಮಾರಾಯ್ತಿ.”

“ಮುಸುಕು ಹಾಕಿಯೇ ಹೋಗಿ.”

“ಹೋದೆ. ಬಾಗಿಲು ಹಾಕಿಕೊಂಡ್ರು.”

“ಪೆಟ್ಟು ತಿಂದ ಕಳ್ಳರಿಗಾದ್ರೂ ಗುರ್ತ ಇಲ್ವಾ?”

“ಹೆಂಚು ತೆಗೆದು ಮನೆಗೆ ಇಳಿಯುವ ಕಳ್ಳ ಕುಂಜುಮೋನನನ್ನು ಕೇಳಿದೆ. ಮುಖ ನೋಡಿದ್ರೆ ಗೊತ್ತಾಗುದಿಲ್ಲ ಚೇಟಾ, ಕೆನ್ನೆಗೊಂದು ಕೊಡಿ, ಆಮೇಲೆ ಹೇಳ್ತೇನೆ ಅಂದ.”

“ಕೊಟ್ರಾ?”

“ಓಟು ಕೇಳುವವ ಹೊಡೀಲಿಕ್ಕೆ ಆಗ್ತದಾ? ಕೈ ಮುಗಿದೆ.”

“ಅದಕ್ಕೆ ಎಂತ ಹೇಳಿದ?”

“ಇವ ಅವನಲ್ಲ ಅಂತ ಊರಿಗೆಲ್ಲ ಹೇಳಿದ.”

ಬೋಟು ಬಂತು. ಆತ ನಿಶಾಳಿಗೂ ಹಿಂದಿನವರಿಗೂ ಕೈ ಮುಗಿಯುತ್ತ ದಾರಿ ಬಿಟ್ಟ. ಕೊನೆಗೆ ಹೆಂಡತಿಯೇ ರಟ್ಟೆ ಹಿಡಿದು ಎಳೆದುಕೊಂಡು ಹತ್ತಿದಳು.